ಹೂ ಬಿಟ್ಟರೂ ಕಾಯಿ ಇಲ್ಲ, ತಿಂದರೆ ಗಂಟಲು ತುರಿಕೆ: ಕೈತೋಟದ ಅಪರೂಪದ ತರಕಾರಿಗಳ ದೋಷ ನಿವಾರಣೆ

ಟೊಮೆಟೊಗೋ ಬೆಂಡೆಗೋ ಏನಾದರೂ ಆದರೆ ಹೇಳೋಕೆ ಊರೆಲ್ಲ ಜನ ಇದ್ದಾರೆ. ಮಡಹಾಗಲ, ರೆಕ್ಕೆ ಅವರೆ, ಮಟ್ಟುಗುಳ್ಳ, ಕೆಸು, ಚಕ್ರಮುನಿ ಅಂತ ಹೊರಟರೆ ಕೇಳೋಕೆ ಯಾರೂ ಸಿಗುವುದಿಲ್ಲ. ಗೊಬ್ಬರದ ಅಂಗಡಿಗೆ ಹೋದರೆ ಕೈಗೆ ಒಂದು ಪುಡಿ, ಒಂದು ಸ್ಪ್ರೇ ಬಾಟಲಿ ಬರುತ್ತದೆ, ಅಷ್ಟೇ. ಆದರೆ ಈ ಗಿಡಗಳಲ್ಲಿ ನಾವು ತೊಂದರೆ ಅಂದುಕೊಳ್ಳುವ ಎಷ್ಟೋ ವಿಷಯ ರೋಗವೇ ಅಲ್ಲ, ಗಿಡದ ಸ್ವಭಾವ. ಆ ಸ್ವಭಾವ ಗೊತ್ತಿಲ್ಲದೆ ಔಷಧಿ ಹೊಡೆದರೆ ದುಡ್ಡೂ ಹೋಗುತ್ತದೆ, ಜೇನುನೊಣವೂ ಹೋಗುತ್ತದೆ.

ಆದ್ದರಿಂದ ಲಕ್ಷಣ ಯಾವುದೇ ಇರಲಿ, ಮೊದಲು ಔಷಧಿ ಬೇಡ. ಹೂವನ್ನು ಹತ್ತಿರದಿಂದ ನೋಡಿ, ಎಲೆ ತಿರುಗಿಸಿ ನೋಡಿ, ಮಣ್ಣಿಗೆ ಬೆರಳು ಹಾಕಿ ನೋಡಿ. ಇದಕ್ಕೆಲ್ಲ ಕಾಸು ಬೇಕಿಲ್ಲ. ಇನ್ನೊಂದು ಮಾತು. ಈ ತರಕಾರಿಗಳಲ್ಲಿ ಕೆಲವು ತೋಟದಲ್ಲಿ ಚೆನ್ನಾಗಿ ಬೆಳೆದು ಅಡುಗೆಮನೆಯಲ್ಲಿ ತೊಂದರೆ ಕೊಡುತ್ತವೆ. ಅದಕ್ಕೇ ಕೊನೆಯ ಭಾಗಗಳು ತಟ್ಟೆಯ ಬಗ್ಗೆ. ಅವುಗಳನ್ನು ದಯವಿಟ್ಟು ಬಿಡದೆ ಓದಿ.

ಮಡಹಾಗಲದ ಬಳ್ಳಿ ತುಂಬಾ ಹೂ, ಕಾಯಿ ಮಾತ್ರ ಒಂದೂ ಇಲ್ಲ

ಅಪರೂಪದ ತರಕಾರಿ ಬೆಳೆಯುವವರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ ಇರಬೇಕು. ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಸೋರೆ, ಹೀರೆ, ಕುಂಬಳದ ಹಾಗೆ ಒಂದೇ ಬಳ್ಳಿಯಲ್ಲಿ ಎರಡೂ ಹೂ ಬಿಡುವುದಿಲ್ಲ. ಒಂದೇ ಬಳ್ಳಿ ಇದ್ದರೆ ನೀವು ಎಷ್ಟೇ ಗೊಬ್ಬರ ಹಾಕಿ, ಕಾಯಿ ಬರುವುದಿಲ್ಲ.

ಮೊದಲ ಪರೀಕ್ಷೆ ಹೂವಿನದು. ಹೂವಿನ ಎಸಳಿನ ಕೆಳಗೆ, ತೊಟ್ಟು ಸೇರುವ ಜಾಗ ನೋಡಿ. ಅಲ್ಲಿ ಮೆತ್ತನೆ ಮುಳ್ಳಿರುವ, ಕಾಳಿನಷ್ಟು ದೊಡ್ಡ ಪುಟ್ಟ ಕಾಯಿ ಕಂಡರೆ ಅದು ಹೆಣ್ಣು. ಕಾಯಿ ಇಲ್ಲದೆ, ಹೂವಿಗೆ ಒತ್ತಿಕೊಂಡ ಹಾಗೆ ಬಟ್ಟಲಿನಾಕಾರದ ಹಸಿರು ಎಲೆಯೊಂದು ಇದ್ದರೆ ಅದು ಗಂಡು. ಒಂದೆರಡು ಹೂ ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ನೋಡಿ.

ಎಲ್ಲ ಗಂಡೇ ಆಗಿದ್ದರೆ ಹೆಣ್ಣು ಬಳ್ಳಿಯ ಗೆಡ್ಡೆ ತರಬೇಕು. ಬೀಜದಿಂದ ಬಂದ ಗಿಡ ಹೂ ಬಿಡುವ ತನಕ ಗಂಡೋ ಹೆಣ್ಣೋ ನೋಡಿ ಹೇಳೋಕೆ ಆಗುವುದಿಲ್ಲ. ಬೀಜ ಹಾಕಿದರೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡೇ ಬರುತ್ತವೆ. ಅದಕ್ಕೇ ಬೆಳೆಗಾರರು ಕಾಯಿ ಬಿಟ್ಟ ಬಳ್ಳಿಯ ಬುಡಕ್ಕೆ ಗುರುತು ಕಟ್ಟಿ, ಅದರ ಗೆಡ್ಡೆ ಅಥವಾ ಬಳ್ಳಿತುಂಡಿನಿಂದಲೇ ಗಿಡ ಮಾಡುತ್ತಾರೆ. ಎಂಟು ಹತ್ತು ಹೆಣ್ಣು ಬಳ್ಳಿಗೆ ಒಂದು ಗಂಡು ಸಾಕು. ಹಾಗಂತ ಗಂಡು ಬಳ್ಳಿ ದಂಡ ಅಂತ ಕಿತ್ತೆಸೆಯಬೇಡಿ. ಅದಿಲ್ಲದೆ ಏನೂ ಇಲ್ಲ.

ಎರಡೂ ಇದ್ದು ಕಾಯಿ ಕಟ್ಟುತ್ತಿಲ್ಲ ಅಂದರೆ ಪರಾಗ ಹೆಣ್ಣು ಹೂವಿಗೆ ಮುಟ್ಟುತ್ತಿಲ್ಲ. ಇಲ್ಲಿ ನಿಮ್ಮ ಬಳ್ಳಿ ಯಾವ ಜಾತಿ ಅಂತ ತಿಳಿಯಬೇಕು. ನಮ್ಮ ಬೇಲಿಗಳಲ್ಲಿ ತಾನಾಗಿ ಬರುವ, ಗುಂಡಗೆ ಸಣ್ಣ ಕಾಯಿ ಬಿಡುವ ಮಡಹಾಗಲದ ಹೂ ಸಂಜೆ ಅರಳುತ್ತದೆ. ರಾತ್ರಿ ಹಾರುವ ಪತಂಗ ಬಂದು ಕೆಲಸ ಮಾಡುತ್ತದೆ. ಈಚೆಗೆ ನರ್ಸರಿಗಳಲ್ಲಿ ಸಿಗುವ, ದೊಡ್ಡ ಮೊಟ್ಟೆಯಂಥ ಕಾಯಿಯ ಜಾತಿ ಬೇರೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಭಾರತ್ ಈ ಗುಂಪಿನದು. ಇದರ ಹೂ ದೊಡ್ಡದು, ಬೆಳಗಿನ ಜಾವ ಅರಳುತ್ತದೆ. ಇದು ಮೂಲತಃ ಈಶಾನ್ಯ ಭಾರತದ ಕಡೆಯದು, ನಮ್ಮಲ್ಲಿ ಇದಕ್ಕೆ ಬೇಕಾದ ಕೀಟ ಸರಿಯಾಗಿ ಬರುವುದಿಲ್ಲ. ಹಾಗಾಗಿ ಕೈಯಿಂದಲೇ ಪರಾಗ ಮುಟ್ಟಿಸಬೇಕು.

ಕೆಲಸ ಸುಲಭ. ಆಗತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಗುಬುಟಿಗೆ ಮೆಲ್ಲಗೆ ಸವರಿ. ಒಂದು ಗಂಡು ಹೂ ನಾಲ್ಕೈದು ಹೆಣ್ಣಿಗೆ ಸಾಕು. ಸಂಜೆ ಅರಳುವುದಕ್ಕೆ ಸಂಜೆ, ಬೆಳಿಗ್ಗೆ ಅರಳುವುದಕ್ಕೆ ಬಿಸಿಲೇರುವ ಮೊದಲು. ಮಳೆಯಲ್ಲಿ ಒದ್ದೆಯಾದ ಪರಾಗ ಪ್ರಯೋಜನಕ್ಕಿಲ್ಲ, ಹೂ ಒಣಗಿರಬೇಕು. ಮೂರು ನಾಲ್ಕು ದಿನದಲ್ಲಿ ಪುಟ್ಟ ಕಾಯಿ ಉಬ್ಬಿದರೆ ಕಟ್ಟಿತು ಅಂತ. ಎರಡು ವಾರದೊಳಗೆ, ಕಾಯಿ ಹಸಿರಾಗಿ ಬೀಜ ಮೆತ್ತಗಿರುವಾಗಲೇ ಕೊಯ್ಯಿರಿ.

ಇದೆಲ್ಲ ಸರಿಯಿದ್ದು ಹೂವೇ ಕಡಿಮೆ, ಎಲೆ ಕಡುಹಸಿರು, ಬಳ್ಳಿ ಮಾತ್ರ ಜೋರು ಅಂದರೆ ಸಗಣಿಗೊಬ್ಬರವೋ ಯೂರಿಯಾವೋ ಜಾಸ್ತಿಯಾಗಿದೆ. ಒಂದು ತಿಂಗಳು ಏನೂ ಹಾಕಬೇಡಿ.

ಮಡಹಾಗಲ ಒಣಗಿ ಹೋಯಿತು, ಅಥವಾ ಬೀಜ ಹಾಕಿ ತಿಂಗಳಾದರೂ ಮೊಳಕೆ ಇಲ್ಲ

ನವೆಂಬರ್, ಡಿಸೆಂಬರ್ ಹೊತ್ತಿಗೆ ಬಳ್ಳಿ ಹಳದಿಯಾಗಿ ಪೂರ್ತಿ ಒಣಗುತ್ತದೆ. ಸತ್ತಿಲ್ಲ. ಮಣ್ಣೊಳಗೆ ಗೆಡ್ಡೆ ಮಲಗಿದೆ, ಮುಂಗಾರಿನ ಮೊದಲ ಮಳೆಗೆ ಏಳುತ್ತದೆ. ಆ ಜಾಗದಲ್ಲಿ ಕೋಲು ನೆಟ್ಟು ಗುರುತಿಡಿ, ಅಗೆಯಬೇಡಿ, ನೀರೂ ಜಾಸ್ತಿ ಹಾಕಬೇಡಿ. ಮಲಗಿರುವ ಗೆಡ್ಡೆಗೆ ದಿನಾ ನೀರು ಹಾಕಿದರೆ ಕೊಳೆಯುತ್ತದೆ. ಅನುಮಾನ ಇದ್ದರೆ ಬುಡದ ಮಣ್ಣು ಸ್ವಲ್ಪ ಸರಿಸಿ ಗೆಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ, ಮೆತ್ತಗಾಗಿ ವಾಸನೆ ಬಂದರೆ ಹೋಯಿತು.

ಬೀಜದ ಸಿಪ್ಪೆ ಬಹಳ ಗಟ್ಟಿ, ಜೊತೆಗೆ ಬೀಜಕ್ಕೂ ಕೆಲವು ತಿಂಗಳ ನಿದ್ದೆ ಇದೆ. ಹಳೆಯ ಬೀಜ ತೆಗೆದುಕೊಂಡು, ಒಳಗಿನ ಬೇಳೆಗೆ ಪೆಟ್ಟಾಗದಂತೆ ಸಿಪ್ಪೆಯ ತುದಿ ಬಿರಿಸಿ, ರಾತ್ರಿ ನೆನೆಸಿ ಹಾಕಿದರೆ ವಾಸಿ. ನನ್ನ ಕೇಳಿದರೆ ಬೀಜದ ಗೋಜೇ ಬೇಡ, ಗೆಡ್ಡೆ ತನ್ನಿ.

ಎಳೆ ಕಾಯಿ ಹಳದಿಯಾಗಿ ಉದುರುತ್ತದೆ, ಅಥವಾ ಸೊಟ್ಟಗಾಗಿ ಒಳಗೆ ಹುಳ

ಇದು ಪಡವಲ, ಹೀರೆ, ಮಡಹಾಗಲ, ಮೊಗೆಕಾಯಿ ಎಲ್ಲಕ್ಕೂ ಬರುವ ಲಕ್ಷಣ. ಉದುರಿದ ಕಾಯಿ ಎತ್ತಿಕೊಂಡು ಬೆಳಕಿನಲ್ಲಿ ತಿರುಗಿಸಿ ನೋಡಿ. ಮೈಯೆಲ್ಲ ನುಣುಪಾಗಿದ್ದು, ತುದಿಯಿಂದ ಹಳದಿಯಾಗುತ್ತಾ ಬಂದಿದ್ದರೆ ಪರಾಗಸ್ಪರ್ಶ ಆಗಿಲ್ಲ. ಮೇಲೆ ಹೇಳಿದಂತೆ ಕೈಯಿಂದ ಮುಟ್ಟಿಸಿ. ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಚುಕ್ಕಿ, ಅದರಿಂದ ಕಂದು ಅಂಟು ಒಸರಿ ಹನಿಗಟ್ಟಿದ್ದರೆ ಹಣ್ಣುನೊಣ. ಕತ್ತರಿಸಿದರೆ ಬಿಳಿ ಹುಳ ಕುಪ್ಪಳಿಸುತ್ತವೆ.

ಹಣ್ಣುನೊಣಕ್ಕೆ ಔಷಧಿ ಹೊಡೆದು ಪ್ರಯೋಜನ ಕಡಿಮೆ, ಯಾಕೆಂದರೆ ಹುಳ ಕಾಯಿಯ ಒಳಗಿದೆ. ಮೊದಲು ಬಿದ್ದ ಕಾಯಿಗಳನ್ನು ದಿನಾ ಆರಿಸಿ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬಿಸಿಲಿಗೆ ಒಂದು ವಾರ ಇಡಿ. ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಆಮೇಲೆ ಎಳೆ ಕಾಯಿಗಳಿಗೆ ಹಳೇ ಪೇಪರಿನ ಕೊಟ್ಟೆ ಕಟ್ಟಿ. ಮನೆಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಮೋಹಕ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ ತನ್ನಿ, ಆದರೆ ಲೇಬಲ್ ಓದಿ ತನ್ನಿ. ಬಳ್ಳಿ ತರಕಾರಿಯ ನೊಣಕ್ಕೆ ಬೇಕಾದದ್ದು ಕ್ಯೂಲೂರ್ ಅನ್ನುವ ವಾಸನೆಯ ಬಲೆ. ಮಾವಿನ ನೊಣಕ್ಕೆ ಇಡುವ ಮೀಥೈಲ್ ಯುಜಿನಾಲ್ ಬಲೆ ನೇತು ಹಾಕಿದರೆ ಪಡವಲದ ನೊಣ ಅತ್ತ ಬರುವುದೇ ಇಲ್ಲ. ಅಂಗಡಿಯಲ್ಲಿ ಎರಡನ್ನೂ ಹಣ್ಣುನೊಣದ ಬಲೆ ಅಂತಲೇ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಬೇಕು.

ರೆಕ್ಕೆ ಅವರೆ ಚಪ್ಪರ ಮುಚ್ಚಿದೆ, ಹೂವಿನ ಸುಳಿವಿಲ್ಲ

ಯಾವ ತಿಂಗಳಲ್ಲಿ ಬೀಜ ಹಾಕಿದಿರಿ? ಜನವರಿ, ಫೆಬ್ರವರಿಯಲ್ಲಿ ಹಾಕಿದ್ದರೆ ಉತ್ತರ ಅಲ್ಲೇ ಇದೆ. ರೆಕ್ಕೆ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಗಿಡ. ಬೇಸಿಗೆಯಲ್ಲಿ ಅದು ಎಲೆ ಬಿಡುತ್ತಾ ಹೋಗುತ್ತದೆ, ಹೂವಿಗೆ ಅಕ್ಟೋಬರ್ ಬರಬೇಕು. ನಮ್ಮಲ್ಲಿ ಜೂನ್, ಜುಲೈಯಲ್ಲಿ ಹಾಕುವುದು ಸರಿ. ಬೇಗ ಹಾಕಿದವರು ಕಾಯಬೇಕು, ಬೇರೆ ದಾರಿಯಿಲ್ಲ. ಅಷ್ಟರಲ್ಲಿ ಎಳೆ ಚಿಗುರು ಕೊಯ್ದು ಪಲ್ಯ ಮಾಡಿ, ಅದೂ ರುಚಿಯೇ.

ನವೆಂಬರ್ ಬಂದರೂ ಹೂವಿಲ್ಲ ಅಂದರೆ ರಾತ್ರಿ ಹೊರಗೆ ಬಂದು ಚಪ್ಪರದ ಕಡೆ ನೋಡಿ. ಬೀದಿದೀಪವೋ ಗೇಟಿನ ದೀಪವೋ ಬಳ್ಳಿಯ ಮೇಲೆ ಬೀಳುತ್ತಿದೆಯಾ? ರಾತ್ರಿಯಿಡೀ ಬೆಳಕು ಬಿದ್ದರೆ ಗಿಡಕ್ಕೆ ಇನ್ನೂ ಹಗಲೇ. ಬೆಂಗಳೂರಿನಂಥ ಊರಿನ ತಾರಸಿ ತೋಟದಲ್ಲಿ ಇದನ್ನು ಮರೆಯಬಾರದು. ಮನೆಯ ದೀಪವಾದರೆ ಆರಿಸಿ ನೋಡಿ, ಬೀದಿದೀಪವಾದರೆ ಆ ಕಡೆಗೆ ಗೋಣಿ ಕಟ್ಟಿ ಮರೆ ಮಾಡಿ, ಇಲ್ಲ ಮುಂದಿನ ಸಲ ಜಾಗ ಬದಲಿಸಿ.

ಕಾಯಿ ಬಂದು ನಾರಾಗಿದೆ ಅಂದರೆ ಕೊಯ್ಯುವುದು ತಡವಾಗಿದೆ. ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು, ರೆಕ್ಕೆ ಮೆತ್ತಗಿರಬೇಕು. ಬಲಿತ ಒಣ ಬೀಜ ತಿನ್ನುವುದಾದರೆ ರಾತ್ರಿ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ. ಹಸಿಯಾಗಿ ಬೇಡ. ಕತ್ತಿ ಅವರೆಯ ಬಲಿತ ಬೀಜಕ್ಕೂ ಇದೇ ಮಾತು, ಇನ್ನೂ ಜಾಸ್ತಿ ಎಚ್ಚರದಿಂದ.

ಮಟ್ಟುಗುಳ್ಳ ಹಸಿರಾಗಿದ್ದ ಹಾಗೇ ಬಾಡಿತು

ಉಡುಪಿ ಹತ್ತಿರದ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆಮೇಲೆ ಬೇರೆ ಊರಿನವರೂ ಕುಂಡದಲ್ಲಿ ಬೆಳೆಯುವ ಆಸೆಪಡುತ್ತಿದ್ದಾರೆ. ಒಳ್ಳೆಯದೇ, ಆದರೆ ಬದನೆ ಜಾತಿಯ ಕಾಯಿಲೆಗಳೆಲ್ಲ ಇದಕ್ಕೂ ಉಂಟು.

ಬರೀ ಕುಡಿ ಮಾತ್ರ ಜೋತು ಬಿದ್ದಿದೆಯೇ? ಕುಡಿ ಸೀಳಿ ನೋಡಿ, ಒಳಗೆ ಹುಳ ಇರುತ್ತದೆ. ಬಾಡಿದ ಜಾಗದಿಂದ ಒಂದು ಗೇಣು ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಗಿಡ ಉಳಿಯುತ್ತದೆ. ಇಡೀ ಗಿಡ ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಂತರೆ ಮಣ್ಣಿನ ತೇವ ನೋಡಿ. ಒಣಗಿದ್ದರೆ ನೀರು, ಕೆಸರಾಗಿದ್ದರೆ ಕುಂಡದ ತೂತು ಕಟ್ಟಿಕೊಂಡಿದೆಯಾ ಅಂತ ನೋಡಿ. ತೇವ ಸರಿಯಿದ್ದೂ ಗಿಡ ದಿನದಿನಕ್ಕೆ ಸೊರಗುತ್ತಿದ್ದರೆ ಪಕ್ಕದಿಂದ ಒಂದೆರಡು ಬೇರು ಎಳೆದು ನೋಡಿ. ಬೇರಿನ ತುಂಬಾ ಗಂಟು ಗಂಟು ಇದ್ದರೆ ಜಂತುಹುಳದ ಕಾಟ. ಬೇವಿನ ಹಿಂಡಿ ಹಾಕಿ, ಮುಂದಿನ ಬೆಳೆಗೆ ಆ ಜಾಗದಲ್ಲಿ ಚೆಂಡುಹೂ ನೆಡಿ.

ಎಲೆ ಹಳದಿಯೂ ಆಗದೆ, ಎರಡು ಮೂರು ದಿನದಲ್ಲಿ ಗಿಡ ಪೂರ್ತಿ ಕುಸಿದರೆ ದುಂಡಾಣು ಸೊರಗು ರೋಗದ ಅನುಮಾನ. ಮನೆಯಲ್ಲೇ ಖಚಿತ ಮಾಡಿಕೊಳ್ಳಬಹುದು. ಬುಡದ ಹತ್ತಿರದಿಂದ ಬೆರಳುದ್ದದ ಕಾಂಡ ಕತ್ತರಿಸಿ, ಅದರ ತುದಿ ಮಾತ್ರ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಊದುಬತ್ತಿಯ ಹೊಗೆಯಂತೆ ಹಾಲುಬಣ್ಣದ ಎಳೆ ನೀರಿಗಿಳಿಯುತ್ತದೆ. ಅದೇ ದುಂಡಾಣು. ಕಂಡಿತು ಅಂದರೆ ಇಲ್ಲಿಗೆ ನಿಲ್ಲಿಸಿ. ಯಾವ ಔಷಧಿಯೂ ಆ ಗಿಡವನ್ನು ಉಳಿಸುವುದಿಲ್ಲ. ಬೇರಿನ ಮಣ್ಣು ಸಮೇತ ಕಿತ್ತು ತೋಟದಿಂದ ಹೊರಗೆ ಹಾಕಿ, ಕತ್ತಿ ತೊಳೆಯಿರಿ, ಆ ಮಣ್ಣಿನಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ ಮತ್ತೆ ನೆಡಬೇಡಿ. ಗುಳ್ಳ ಬೇಕೇ ಬೇಕು ಅನ್ನುವವರು ಕಾಡು ಸುಂಡೆ ಗಿಡಕ್ಕೆ ಕಸಿ ಕಟ್ಟಿದ ಸಸಿ ಹುಡುಕಿ, ಅದರ ಬೇರು ಈ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಬಸಳೆ ಎಲೆ ತುಂಬಾ ಕೆಂಪು ಅಂಚಿನ ಚುಕ್ಕಿ

ಶಿಲೀಂಧ್ರ. ಎಲೆ ಮೇಲೆ ನೀರು ಬೀಳುವುದು, ಬಳ್ಳಿ ಒತ್ತೊತ್ತಾಗಿರುವುದು ಕಾರಣ. ಚುಕ್ಕಿ ಎಲೆ ಕಿತ್ತು ಹಾಕಿ, ಬುಡಕ್ಕೆ ಮಾತ್ರ ನೀರು ಕೊಡಿ, ಗಾಳಿಯಾಡಲು ಬಿಡಿ. ಸೊಪ್ಪಿನ ಗಿಡ ಇದು, ಔಷಧಿ ಬೇಡ.

ಸೋರೆಕಾಯಿ, ಪಡವಲ, ಸೌತೆ ಕಹಿ ಬಂದಿದೆ

ಇಲ್ಲಿ ರಾಜಿ ಇಲ್ಲ. ತಿನ್ನಬೇಡಿ.

ಹಾಗಲ ಕಹಿ ಇರುವುದು ಅದರ ಗುಣ. ಕಹಿ ಇರಬಾರದ ಬಳ್ಳಿಕಾಯಿ ಕಹಿಯಾದರೆ ಅದು ಕುಕುರ್ಬಿಟಾಸಿನ್ ಅನ್ನುವ ವಿಷ. ಬೇಯಿಸಿದರೆ ಹೋಗುವುದಿಲ್ಲ, ಉಪ್ಪು ಹಚ್ಚಿ ಹಿಂಡಿದರೂ, ಬೆಲ್ಲ ಹಾಕಿದರೂ ಹೋಗುವುದಿಲ್ಲ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆ ಮತ್ತು ಹಾಗಲದ ರಸ ಕುಡಿದು ತೀರಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೂ ಕಹಿ ಸೋರೆಯ ರಸ ಕುಡಿಯಲೇಬಾರದು ಅಂತ ಹೇಳಿತು. ಸೋರೆಯ ಜೊತೆ ಹಾಗಲ ಸೇರಿಸಿದರೆ ಯಾವ ಕಹಿ ಯಾವುದರದ್ದು ಅಂತ ನಾಲಿಗೆಗೆ ತಿಳಿಯುವುದೇ ಇಲ್ಲ, ಅಪಾಯ ಅಲ್ಲೇ ಇದೆ.

ಅಭ್ಯಾಸ ಮಾಡಿಕೊಳ್ಳಬೇಕಾದದ್ದು ಇಷ್ಟೇ. ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಉಗುರಿನಷ್ಟು ತುಂಡು ನಾಲಿಗೆಗೆ ಮುಟ್ಟಿಸಿ. ಕಹಿ ಬಂದರೆ ಉಗಿದು ಬಾಯಿ ತೊಳೆದು, ಕಾಯಿ ಎಸೆಯಿರಿ. ಪ್ರತಿ ಕಾಯಿಗೂ ಹೀಗೇ. ದನಕ್ಕೂ ಹಾಕಬೇಡಿ. ಬಳ್ಳಿಯ ಎಲ್ಲ ಕಾಯಿಯೂ ಕಹಿಯಾದರೆ ಬೀಜವೇ ಕೆಟ್ಟಿದೆ. ಕಾಡುಸೋರೆಯ ಪರಾಗ ಬೆರೆತಿರಬಹುದು. ಬಳ್ಳಿ ಕಿತ್ತುಹಾಕಿ, ಅದರ ಬೀಜ ಯಾರಿಗೂ ಕೊಡಬೇಡಿ. ಬಿರುಬೇಸಿಗೆಯಲ್ಲಿ, ನೀರು ತಪ್ಪಿದಾಗ ಒಂದೆರಡು ಕಾಯಿ ಮಾತ್ರ ಕಹಿಯಾಗುವುದೂ ಉಂಟು. ನೀರು ಸರಿಮಾಡಿದರೆ ಮುಂದಿನವು ಸರಿಹೋಗಬಹುದು, ಕಹಿಯಾದ ಕಾಯಿ ಸರಿಹೋಗುವುದಿಲ್ಲ.

ತಿಂದಾಗಿದೆ, ಆಮೇಲೆ ಹೊಟ್ಟೆ ಕಿವುಚಿ ವಾಂತಿ, ಭೇದಿ ಶುರುವಾಗಿದೆ ಅಂದರೆ ಮಜ್ಜಿಗೆ ಕುಡಿದು ಕಾಯಬೇಡಿ. ಇದಕ್ಕೆ ಪ್ರತಿವಿಷ ಇಲ್ಲ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ನೋಡಿಕೊಳ್ಳಬೇಕು. ವಾಂತಿಯಲ್ಲಿ ರಕ್ತ, ತಲೆಸುತ್ತು, ಕೈಕಾಲು ತಣ್ಣಗಾಗುವುದು ಕಂಡರೆ 108ಕ್ಕೆ ಫೋನ್ ಮಾಡಿ.

ಕೆಸು ಅಥವಾ ಸುವರ್ಣಗೆಡ್ಡೆ ತಿಂದರೆ ಗಂಟಲು ತುರಿಸುತ್ತದೆ

ಕೆಸುವಿನ ಎಲೆ, ದಂಟು, ಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅವು ಬಾಯಿ, ಗಂಟಲಿಗೆ ಚುಚ್ಚುತ್ತವೆ. ಅದಕ್ಕೇ ನಮ್ಮ ಹಿರಿಯರು ಹುಳಿಯಿಲ್ಲದೆ ಕೆಸು ಮುಟ್ಟುತ್ತಿರಲಿಲ್ಲ. ಪತ್ರೊಡೆಯ ಹಿಟ್ಟಿಗೆ ಅಷ್ಟೊಂದು ಹುಣಸೆಹುಳಿ, ಕೆಸುವಿನ ಸೊಪ್ಪಿನ ಕರಕಲಿಗೆ ಅಂಬಟೆ, ಮಲೆನಾಡಲ್ಲಿ ಮುರುಗಲು. ಹುಳಿ ಇಲ್ಲಿ ಬರೀ ರುಚಿಗಲ್ಲ.

ತುರಿಸಿತು ಅಂದರೆ ಈ ಕ್ರಮದಲ್ಲಿ ಯೋಚಿಸಿ. ಹುಳಿ ಸಾಕಷ್ಟಿತ್ತೇ? ಮಗುವಿಗೆ ಹುಳಿ ಆಗಲ್ಲ ಅಂತ ಕಡಿಮೆ ಹಾಕಿದ್ದರೆ ಕಾರಣ ಅದೇ. ಚೆನ್ನಾಗಿ ಬೆಂದಿತ್ತೇ? ಪತ್ರೊಡೆ ದಪ್ಪಗೆ ಸುತ್ತಿದ್ದರೆ ಮುಕ್ಕಾಲು ಗಂಟೆಗೆ ಕಡಿಮೆ ಹಬೆ ಸಾಲದು, ನಡುವಿನ ಎಲೆ ಹಸಿಯಾಗೇ ಉಳಿಯುತ್ತದೆ. ಎಲೆ ಎಳೆಯದೇ? ಸುರುಳಿ ಬಿಚ್ಚಿ ಒಂದೆರಡು ದಿನವಾದ ಎಲೆ ಒಳ್ಳೆಯದು, ದಪ್ಪ ನರ ಕೆತ್ತಿ ತೆಗೆಯಬೇಕು. ಇದೆಲ್ಲ ಸರಿಯಿದ್ದೂ ಪ್ರತಿಸಲ ತುರಿಸಿದರೆ ನಿಮ್ಮ ತಳಿಯೇ ತುರಿಸುವ ಜಾತಿ. ಪತ್ರೊಡೆ ಮಾಡುವ ಮನೆಯಿಂದ ಬೇರೆ ಬುಡ ತನ್ನಿ. ಉಳಿದ ಅಡುಗೆಯನ್ನು ಎಸೆಯಬೇಕಿಲ್ಲ, ಹುಳಿ ಸೇರಿಸಿ ಇನ್ನೊಮ್ಮೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಸಣ್ಣ ಚೂರು ನಾಲಿಗೆ ತುದಿಗಿಟ್ಟು ಹತ್ತು ನಿಮಿಷ ನೋಡಿ. ಆಗಲೂ ತುರಿಸಿದರೆ ಚೆಲ್ಲಿ.

ಬಾಯಿ ತುರಿಕೆಗೆ ಹುಣಸೆಹಣ್ಣು ಚೀಪುವುದು, ಗಟ್ಟಿ ಮೊಸರು ಬಾಯಲ್ಲಿಟ್ಟುಕೊಳ್ಳುವುದು ಸಾಮಾನ್ಯವಾಗಿ ಸಾಕು. ಹೆಚ್ಚುವಾಗ ಕೈಗೆ ಎಣ್ಣೆ ಹಚ್ಚಿ, ಕೈಯೂ ಗೆಡ್ಡೆಯೂ ಒಣಗಿರಲಿ. ತುಟಿ, ನಾಲಿಗೆ ಊದಿಕೊಂಡರೆ, ಎಂಜಲು ನುಂಗಲು ಕಷ್ಟವಾದರೆ, ದನಿ ಬದಲಾದರೆ, ಉಸಿರು ಕಟ್ಟಿದರೆ ಮನೆಮದ್ದು ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಮೂತ್ರಪಿಂಡದಲ್ಲಿ ಕಲ್ಲು ಆದವರು ಕೆಸು, ಬಸಳೆ ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿಯೇ ತಿನ್ನಿ.

ಇನ್ನೊಂದು ದೊಡ್ಡ ಎಚ್ಚರಿಕೆ. ಅಲಂಕಾರಕ್ಕೆ ಬೆಳೆಸುವ ಕೆಲವು ಗಿಡಗಳ ಎಲೆ ಕೆಸುವಿನಂತೆಯೇ ಇರುತ್ತದೆ. ಅವನ್ನು ಯಾವ ಹುಳಿಯಲ್ಲೂ ತಿನ್ನಬಾರದು. ಕುಂಡದಲ್ಲಿ ಬಣ್ಣಬಣ್ಣದ ಎಲೆ, ಎಲ್ಲಿಂದ ಬಂತು ಗೊತ್ತಿಲ್ಲದ ಗಿಡ, ಫೋಟೋ ನೋಡಿ ಗುರುತಿಸಿದ ಗಿಡ, ಇವು ಮೂರೂ ಅಡುಗೆಮನೆಗೆ ಬೇಡ.

ಕಳಲೆ ಕಹಿ, ಚಕ್ರಮುನಿ ತಿಂದರೆ ಆಯಾಸ

ಹಿತ್ತಲ ಬಿದಿರಿನ ಕಳಲೆ ಹಸಿಯಾಗಿ ಕಹಿ ಇರುವುದು ಸಹಜ, ಅದರಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇದೆ. ತೆಳ್ಳಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಮುಚ್ಚಳ ಮುಚ್ಚದೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಇಷ್ಟಾದ ಮೇಲೂ ಕಹಿ ಇದ್ದರೆ ಇನ್ನೊಂದು ದಿನ ನೆನೆಸಿ, ಅವಸರ ಬೇಡ. ನೆನೆಸಿದ ನೀರು ದನಕರುಗಳಿಗೆ ಸಿಗದ ಕಡೆ ಚೆಲ್ಲಿ. ತಿಂದ ಮೇಲೆ ತಲೆನೋವು, ತಲೆಸುತ್ತು, ಏದುಸಿರು ಕಾಣಿಸಿದರೆ ಅಜೀರ್ಣ ಅಂತ ಸುಮ್ನೆ ಮಲಗಬೇಡಿ, ತಕ್ಷಣ 108.

ಚಕ್ರಮುನಿಯನ್ನು ವಿಟಮಿನ್ ಸೊಪ್ಪು ಅಂತ ಎಲ್ಲರೂ ಹೊಗಳುತ್ತಾರೆ. ಬೇಯಿಸಿ, ಬೇರೆ ಸೊಪ್ಪಿನ ಜೊತೆ ಆಗಾಗ ತಿನ್ನುವುದಕ್ಕೆ ನನ್ನ ತಕರಾರಿಲ್ಲ. ಹಸಿ ಎಲೆಯ ರಸ ದಿನಾ ಕುಡಿಯುವುದು ಮಾತ್ರ ಬೇಡವೇ ಬೇಡ. 1990ರ ದಶಕದ ನಡುವಿನಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲು ಇದರ ಹಸಿ ರಸ ಕುಡಿದ ಅನೇಕರ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಕೊಂಡು, ಮತ್ತೆ ಸರಿಹೋಗದಷ್ಟು ಹಾಳಾದವು. ಈ ಸೊಪ್ಪು ಜಾಸ್ತಿ ತಿನ್ನುವವರಿಗೆ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಗಿದ್ದರೆ ತಿನ್ನುವುದು ನಿಲ್ಲಿಸಿ, ಡಾಕ್ಟರ ಬಳಿ ಹೋದಾಗ ಸೊಪ್ಪಿನ ವಿಷಯ ಮರೆಯದೆ ಹೇಳಿ. ಅವರಾಗಿ ಕೇಳುವುದು ಕಡಿಮೆ.

ಯಾರ ಹತ್ತಿರ ಹೋಗುವುದು

ಗಿಡದ ತೊಂದರೆ ಮೇಲಿನ ಪರೀಕ್ಷೆಗಳಿಗೆ ಸಿಗದಿದ್ದರೆ, ಅಥವಾ ಒಂದರಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತಿದ್ದರೆ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಒಣಗಿದ ಒಂದು ಎಲೆ ಕಿಸೆಯಲ್ಲಿಟ್ಟುಕೊಂಡು ಹೋದರೆ ಅವರೂ ಏನೂ ಹೇಳಲಾರರು. ಅರ್ಧ ಬಾಡಿದ, ಇನ್ನೂ ಜೀವ ಇರುವ ಗಿಡವನ್ನು ಬೇರು, ಮಣ್ಣು ಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಅದೇ ದಿನ ಒಯ್ಯಿರಿ. ಏನೇನು ಗೊಬ್ಬರ, ಔಷಧಿ ಹಾಕಿದ್ದೀರಿ ಅಂತ ಚೀಟಿಯಲ್ಲಿ ಬರೆದಿಡಿ.

ತಿಂದು ಆದ ತೊಂದರೆಗೆ ಆಸ್ಪತ್ರೆಗೆ ಹೋಗುವಾಗ ಉಳಿದ ಅಡುಗೆ, ಹೆಚ್ಚಿ ಮಿಕ್ಕ ಕಾಯಿ ಅಥವಾ ಗೆಡ್ಡೆ, ಸಾಧ್ಯವಾದರೆ ಗಿಡದ ಎಲೆ, ಎಲ್ಲವನ್ನೂ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಷ್ಟು ಹೊತ್ತಿಗೆ ತಿಂದರು, ಎಷ್ಟು ತಿಂದರು, ಮನೆಯಲ್ಲಿ ಇನ್ಯಾರು ತಿಂದಿದ್ದಾರೆ ಅಂತ ಹೇಳಿ. ಸದ್ಯಕ್ಕೆ ಏನೂ ಆಗದ ಮಕ್ಕಳು, ವಯಸ್ಸಾದವರು ಅದೇ ಊಟ ಮಾಡಿದ್ದರೆ ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ.